ಒರೆಯಲ್ಲಿಯೇ ಉಳಿದ ಖಡ್ಗ: ಸಮುರಾಯಿ ಜೀವನದಲ್ಲಿ ಸಂಯಮ ಮತ್ತು ಅನಾಸಕ್ತಿ

ಶಿಸ್ತಿಗೆ ಫಲ ಕೊಡುವ ಶಕ್ತಿ ಇದೆ ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಆ ಫಲ ಸಿಹಿಯೋ ಕಹಿಯೋ ಎಂಬುದನ್ನು ಶಿಸ್ತು ತಾನಾಗಿಯೇ ನಿರ್ಣಯಿಸಲಾರದು. ನಸುಕಿನಲ್ಲಿ ಏಳುವವನು, ಮಿತವಾಗಿ ಉಣ್ಣುವವನು, ಕೊಟ್ಟ ಮಾತಿಗೆ ತಪ್ಪದವನು, ಮರಣಕ್ಕೂ ಅಂಜದವನು ಸಾಧುವೂ ಆಗಬಹುದು, ಕ್ರೂರನೂ ಆಗಬಹುದು. ಈ ಎರಡು ದಾರಿಗಳು ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು ಅರಿಯಲು ಜಪಾನ್ ದೇಶದ ಸಮುರಾಯಿ ಎಂಬ ಯೋಧವರ್ಗದ ಇತಿಹಾಸ ಬಹಳ ಉಪಯುಕ್ತವಾದುದು.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆತನಗಳಲ್ಲಿ ಈ ಹೆಸರು ಕೇಳಿದೊಡನೆ, ಕತ್ತಿ ಹಿಡಿದವರಿಂದ ಕಲಿಯುವುದೇನಿದೆ ಎಂಬ ಪ್ರಶ್ನೆ ಏಳುವುದು ಸಹಜ. ಪ್ರಶ್ನೆ ನ್ಯಾಯವಾದದ್ದೇ. ಆ ಪ್ರಶ್ನೆಯನ್ನು ಬದಿಗಿಡದೆ, ಅದನ್ನೇ ಒರೆಗಲ್ಲಾಗಿ ಇಟ್ಟುಕೊಂಡು ಈ ಯೋಧರ ಬದುಕನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಸೇವಕನೆಂಬ ಹೆಸರು

'ಸಮುರಾಯಿ' ಎಂಬ ಪದ ಬಂದಿರುವುದು ಸೇವೆ ಮಾಡು, ಬಳಿಯಲ್ಲಿದ್ದು ಊಳಿಗ ನಡೆಸು ಎಂಬ ಅರ್ಥದ ಜಪಾನೀ ಧಾತುವಿನಿಂದ. ಆರಂಭದಲ್ಲಿ ಇವರು ಶ್ರೀಮಂತರ ಮನೆಗಳನ್ನು ಕಾಯುವ ಊಳಿಗದವರಾಗಿದ್ದರು. ೧೧೯೨ರಲ್ಲಿ ಮಿನಾಮೊಟೊ ಯೊರಿಟೊಮೊ 'ಶೋಗುನ್' ಅಂದರೆ ಮಹಾಸೇನಾಪತಿಯ ಪದವಿ ಪಡೆದ ಮೇಲೆ ಆಳುವ ಅಧಿಕಾರ ಈ ವರ್ಗದ ಕೈಗೆ ಬಂದಿತು. ಚಕ್ರವರ್ತಿ ಕ್ಯೋಟೋ ನಗರದಲ್ಲಿ ಹೆಸರಿಗೆ ಇದ್ದನು, ರಾಜ್ಯಭಾರ ಯೋಧರದಾಗಿತ್ತು. ಈ ವ್ಯವಸ್ಥೆ ಹಲವು ಏರಿಳಿತಗಳೊಡನೆ ೧೮೬೮ರವರೆಗೆ ನಡೆಯಿತು.

ಈ ದೀರ್ಘಕಾಲದಲ್ಲಿ ಹದಿನೈದು ಮತ್ತು ಹದಿನಾರನೆಯ ಶತಮಾನಗಳು ಅತ್ಯಂತ ಘೋರವಾದುವು. ೧೪೬೭ರಿಂದ ಮೊದಲ್ಗೊಂಡು ನೂರಕ್ಕೂ ಹೆಚ್ಚು ವರ್ಷ ಪಾಳೆಯಗಾರರು ಪರಸ್ಪರ ಕಾದಾಡಿದರು. ೧೬೦೦ರ ಸೆಕಿಗಹಾರಾ ಯುದ್ಧದಲ್ಲಿ ತೊಕುಗಾವಾ ಇಯೆಯಾಸು ಗೆದ್ದನು. ೧೬೦೩ರಲ್ಲಿ ಅವನು ಶೋಗುನ್ ಆದನು. ೧೬೧೫ರಲ್ಲಿ ಓಸಾಕಾ ಕೋಟೆ ಬಿದ್ದ ಮೇಲೆ, ೧೬೩೭-೩೮ರ ಶಿಮಾಬಾರಾ ದಂಗೆಯೊಂದನ್ನು ಬಿಟ್ಟರೆ, ಎರಡು ಶತಮಾನಗಳಿಗೂ ಮಿಕ್ಕಿ ಆ ದೇಶದಲ್ಲಿ ದೊಡ್ಡ ಯುದ್ಧವೇ ನಡೆಯಲಿಲ್ಲ. ಸಮುರಾಯಿ ತತ್ತ್ವವೆಂದು ಇಂದು ಪ್ರಸಿದ್ಧವಾಗಿರುವ ಗ್ರಂಥಗಳಲ್ಲಿ ಬಹುಪಾಲು ಹುಟ್ಟಿದ್ದು ಯುದ್ಧದ ದಿನಗಳಲ್ಲಲ್ಲ, ಈ ಶಾಂತಿಯ ದಿನಗಳಲ್ಲಿ. ಇದು ಗಮನಿಸಬೇಕಾದ ಸಂಗತಿ.

ನಿಲ್ಲದ ಮನಸ್ಸು

ಯೋಧರ ಮನಸ್ಸನ್ನು ಹದಗೊಳಿಸಿದ್ದರಲ್ಲಿ ಝೆನ್ ಬೌದ್ಧಪಂಥದ ಪಾಲು ದೊಡ್ಡದು. ಭಾರತದ 'ಧ್ಯಾನ' ಎಂಬ ಪದವೇ ಚೀನಾದಲ್ಲಿ 'ಚಾನ್' ಎಂದಾಗಿ, ಜಪಾನಿನಲ್ಲಿ 'ಝೆನ್' ಎಂದಾಯಿತು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಐಸಾಯಿ ಎಂಬ ಭಿಕ್ಷುವೂ, ಹದಿಮೂರನೆಯ ಶತಮಾನದಲ್ಲಿ ದೋಗೆನ್ ಎಂಬ ಭಿಕ್ಷುವೂ ಚೀನಾದಿಂದ ಈ ಸಾಧನಾಮಾರ್ಗವನ್ನು ತಂದು ನೆಲೆಗೊಳಿಸಿದರು. ಶಾಸ್ತ್ರಪಾಂಡಿತ್ಯವಿಲ್ಲದ ಯೋಧನಿಗೂ ನೆಟ್ಟಗೆ ಕುಳಿತು, ಉಸಿರನ್ನು ನೋಡುತ್ತ, ಮನಸ್ಸನ್ನು ಹಿಡಿದಿಡುವ ಈ ಮಾರ್ಗ ಎಟಕುವಂತಿತ್ತು.

ಟಾಕುವಾನ್ ಸೋಹೋ (೧೫೭೩-೧೬೪೫) ಎಂಬ ಝೆನ್ ಗುರು, ಶೋಗುನ್ನರ ಖಡ್ಗವಿದ್ಯಾಗುರುವಾಗಿದ್ದ ಯಾಗ್ಯು ಮುನೆನೊರಿಗೆ ಮನೋನಿಗ್ರಹವನ್ನು ಕುರಿತು ಒಂದು ದೀರ್ಘ ಪತ್ರ ಬರೆದನು. ಅದರಲ್ಲಿ ಅವನು ದೃಷ್ಟಾಂತವಾಗಿ ಎತ್ತಿಕೊಂಡದ್ದು 'ಫುದೋ' ಎಂಬ ದೇವತೆಯನ್ನು. ಈ ದೇವತೆ ಸಂಸ್ಕೃತದ 'ಅಚಲ'. ಅಚಲತೆ ಎಂದರೆ ಕಲ್ಲಿನಂತೆ ಜಡವಾಗಿರುವುದಲ್ಲವೆಂದು ಆ ಗುರು ವಿವರಿಸಿದನು. ಎದುರಾಳಿಯ ಕತ್ತಿ, ತನ್ನ ಕತ್ತಿ, ಗೆಲುವಿನ ಆಸೆ, ಸೋಲಿನ ಭಯ ಇವುಗಳಲ್ಲಿ ಯಾವುದೊಂದರ ಮೇಲೆ ಮನಸ್ಸು ಅಂಟಿ ನಿಂತರೂ ಅದೇ ಕ್ಷಣದಲ್ಲಿ ಅದು ಬಂದಿಯಾಗುತ್ತದೆ. ಎಲ್ಲಿಯೂ ಅಂಟದೆ ಹರಿಯುವ ಮನಸ್ಸೇ ನಿಜವಾಗಿ ಅಚಲವಾದುದು. ಇದು ಆ ಪತ್ರದ ಸಾರ.

ಈ ಉಪದೇಶ ಕತ್ತಿಯ ಕಾಳಗಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಲಾಭದ ಮೇಲೆ ಮನಸ್ಸು ನಿಂತವನಿಗೆ ತಕ್ಕಡಿಯ ಮುಳ್ಳು ಕಾಣಿಸುವುದಿಲ್ಲ. ಅವಮಾನದ ಮೇಲೆ ಮನಸ್ಸು ನಿಂತವನಿಗೆ ಎದುರಿನವನ ನ್ಯಾಯವಾದ ಮಾತು ಕೇಳಿಸುವುದಿಲ್ಲ. ಟಾಕುವಾನ್ ತನ್ನ ಉಪದೇಶವನ್ನು ಬಾಳಿ ತೋರಿಸಿದವನು. ದೇವಾಲಯಗಳ ಅಧಿಕಾರದ ವಿಷಯದಲ್ಲಿ ಸರ್ಕಾರವನ್ನು ವಿರೋಧಿಸಿದ್ದಕ್ಕಾಗಿ ಅವನು ೧೬೨೯ರಲ್ಲಿ ಗಡೀಪಾರಾದನು. ೧೬೩೨ರಲ್ಲಿ ಕ್ಷಮೆ ದೊರೆಯಿತು. ಶಿಕ್ಷೆ ಕೊಟ್ಟ ರಾಜಧಾನಿಯಲ್ಲಿಯೇ ಮುಂದೆ ಶೋಗುನ್ ಇಯೆಮಿತ್ಸು ಅವನನ್ನು ಗೌರವಿಸಿದನು. ಅವನು ಆ ಶಿಕ್ಷೆಗೆ ಕುಗ್ಗಲಿಲ್ಲ, ಈ ಗೌರವಕ್ಕೆ ಮರುಳಾಗಲೂ ಇಲ್ಲ.

ಚಹಾಸೇವನೆಯ ವಿಧಿಯೂ ಇದೇ ಶಿಕ್ಷಣದ ಒಂದು ಅಂಗವಾಗಿತ್ತು. ಸೆನ್ ನೊ ರಿಕ್ಯು (೧೫೨೨-೧೫೯೧) ರೂಪಿಸಿದ ಚಹಾಗುಡಿಸಿಲಿನ ಬಾಗಿಲು ಎರಡಡಿಗಿಂತ ಸ್ವಲ್ಪ ಹೆಚ್ಚು ಎತ್ತರದ್ದು. ಎಂಥ ದಳಪತಿಯಾದರೂ ಖಡ್ಗವನ್ನು ಹೊರಗಿನ ಅಡ್ಡೆಯ ಮೇಲಿಟ್ಟು, ತಲೆ ಬಾಗಿಸಿ, ಮೊಣಕಾಲೂರಿಯೇ ಒಳಗೆ ಬರಬೇಕು. ಮಾನಕಷಾಯವನ್ನು ಹೊಸ್ತಿಲಿನಲ್ಲಿಯೇ ಕಳಚುವ ಉಪಾಯವಿದು.

ಗೆಲುವನ್ನು ಪರೀಕ್ಷಿಸಿದ ವೀರ

ಸಮುರಾಯಿಗಳಲ್ಲಿ ಲೋಕಪ್ರಸಿದ್ಧನಾದವನು ಮಿಯಾಮೊಟೊ ಮುಸಾಶಿ. ಹುಟ್ಟಿದ್ದು ೧೫೮೪ರ ಸುಮಾರಿಗೆ. ಹದಿಮೂರನೆಯ ವಯಸ್ಸಿನಲ್ಲಿ ಮೊದಲ ದ್ವಂದ್ವಯುದ್ಧ ಮಾಡಿದ ಇವನು, ಇಪ್ಪತ್ತೆಂಟು-ಇಪ್ಪತ್ತೊಂಬತ್ತರ ವೇಳೆಗೆ ಅರವತ್ತಕ್ಕೂ ಹೆಚ್ಚು ಬಾರಿ ಕಾದಾಡಿ ಒಮ್ಮೆಯೂ ಸೋಲಲಿಲ್ಲವೆಂದು ತಾನೇ ಬರೆದಿಟ್ಟಿದ್ದಾನೆ. ಮೂವತ್ತು ದಾಟಿದ ಮೇಲೆ ಅವನು ಮಾಡಿದ ಕೆಲಸ ಆ ಗೆಲುವುಗಳಿಗಿಂತ ದೊಡ್ಡದು. ಅವನು ತನ್ನ ಗೆಲುವುಗಳನ್ನೆಲ್ಲ ಮುಂದಿಟ್ಟುಕೊಂಡು ಪರಿಶೀಲಿಸಿದನು. ತಾನು ಗೆದ್ದದ್ದು ವಿದ್ಯೆ ಪೂರ್ಣವಾಗಿ ಕೈವಶವಾದುದರಿಂದಲ್ಲ, ಹುಟ್ಟುಗುಣದಿಂದಲೋ ಎದುರಾಳಿಗಳ ಕೊರತೆಯಿಂದಲೋ ಇರಬೇಕು ಎಂಬ ನಿರ್ಣಯಕ್ಕೆ ಬಂದನು. ಅನಂತರ ಹಗಲಿರುಳು ಸಾಧನೆ ಮಾಡಿ, ಐವತ್ತರ ಹೊತ್ತಿಗೆ ಅದರ ತತ್ತ್ವ ತನಗೆ ಹೊಳೆಯಿತೆಂದು ಹೇಳಿಕೊಂಡನು.

ಲೆಕ್ಕದ ಪುಸ್ತಕದಲ್ಲಿ ಲಾಭ ಕಂಡ ವರ್ಷವೇ ಪರಿಶೋಧನೆ ಕಠಿಣವಾಗಿರಬೇಕೆಂದು ಬಲ್ಲವರು ಹೇಳುತ್ತಾರೆ. ನಷ್ಟವಾದಾಗ ಎಲ್ಲರೂ ಕಾರಣ ಹುಡುಕುತ್ತಾರೆ. ಲಾಭವಾದಾಗ ಅದು ತನ್ನ ಜಾಣತನದ್ದೋ, ಪೇಟೆಯ ಏರಿಕೆಯದೋ ಎಂದು ಬೇರ್ಪಡಿಸಿ ನೋಡುವವರು ಕಡಮೆ. ಅರವತ್ತು ಗೆಲುವುಗಳ ಜಮೆಯನ್ನು ಮುಸಾಶಿ ತನ್ನ ಹೆಸರಿಗೆ ಬರೆದುಕೊಳ್ಳಲಿಲ್ಲ. ಅನಾಸಕ್ತಿಯ ಮೊದಲ ಮೆಟ್ಟಿಲು ಇದೇ ಆಗಿದೆ.

೧೬೪೦ರಲ್ಲಿ ಅವನು ಹೊಸೊಕಾವಾ ತದಾತೊಶಿ ಎಂಬ ದೊರೆಯ ಆಹ್ವಾನದ ಮೇರೆಗೆ ಕುಮಾಮೊಟೊ ನಗರಕ್ಕೆ ಬಂದನು. ೧೬೪೩ರಲ್ಲಿ ಆ ನಗರದ ಬಳಿಯ ರೇಗಾಂದೊ ಎಂಬ ಗುಹೆಯಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಬರೆಯತೊಡಗಿದನು. ಅದರ ಐದು ಭಾಗಗಳ ಹೆಸರು ಭೂಮಿ, ನೀರು, ಅಗ್ನಿ, ಗಾಳಿ ಮತ್ತು ಶೂನ್ಯ. ಭಾರತದ ಪಂಚಭೂತಗಳ ಕಲ್ಪನೆ ಬೌದ್ಧಧರ್ಮದೊಡನೆ ಪೂರ್ವಕ್ಕೆ ಹೋಗಿ, ಒಬ್ಬ ಯೋಧನ ಗ್ರಂಥದಲ್ಲಿ ಹೀಗೆ ನೆಲೆ ಕಂಡಿತು. ೧೬೪೫ರಲ್ಲಿ, ಮರಣಕ್ಕೆ ಒಂದು ವಾರ ಮುಂಚೆ, ಅವನು ಇಪ್ಪತ್ತೊಂದು ನಿಯಮಗಳ ಪುಟ್ಟ ಪತ್ರವೊಂದನ್ನು ಬರೆದು ಶಿಷ್ಯನಿಗೆ ಕೊಟ್ಟನು. 'ಏಕಾಂಗಿಯಾಗಿ ನಡೆಯುವ ಮಾರ್ಗ' ಎಂಬುದು ಅದರ ಹೆಸರಿನ ಅರ್ಥ. ಅಸೂಯೆ, ಗೊಣಗಾಟ, ಕಳೆದುದಕ್ಕೆ ಮರುಗುವಿಕೆ, ಜಿಹ್ವಾಚಾಪಲ್ಯ, ಮನೆಯ ಮೇಲಿನ ಮೋಹ, ವೃದ್ಧಾಪ್ಯಕ್ಕೆಂದು ಆಸ್ತಿ ಕೂಡಿಡುವ ಆತುರ ಇವೆಲ್ಲವನ್ನೂ ಒಂದೊಂದಾಗಿ ಕೈಬಿಡುವ ಸಂಕಲ್ಪ ಅದರಲ್ಲಿದೆ. ಅಪರಿಗ್ರಹವನ್ನು ಬಲ್ಲ ವಾಚಕರಿಗೆ ಈ ಪಟ್ಟಿ ಅಪರಿಚಿತವೆನಿಸದು.

ಆದರೂ ಒಂದು ಕೊರತೆಯನ್ನು ಮರೆಮಾಚಬಾರದು. ಆ ಇಪ್ಪತ್ತೊಂದು ನಿಯಮಗಳಲ್ಲಿ ಪರಜೀವಿಗಳ ಮೇಲಿನ ಕರುಣೆಯ ಮಾತು ಒಂದೂ ಇಲ್ಲ. ಕೊನೆಯ ನಿಯಮ ಯುದ್ಧಮಾರ್ಗವನ್ನು ಎಂದೂ ಬಿಡಬಾರದೆಂಬುದೇ ಆಗಿದೆ. ಮುಸಾಶಿ ಶಾಯಿಯಲ್ಲಿ ಬಿಡಿಸಿದ ಒಂದು ಚಿತ್ರ ಇಂದಿಗೂ ಉಳಿದಿದೆ. ಒಣಗಿದ ನೀಳ ಕೊಂಬೆಯ ತುದಿಯಲ್ಲಿ ಬೇಟೆಗಾರ ಹಕ್ಕಿಯೊಂದು ನಿಶ್ಚಲವಾಗಿ ಕುಳಿತಿದೆ; ಅದೇ ಕೊಂಬೆಯನ್ನು ಒಂದು ಹುಳು ಮೆಲ್ಲನೆ ಏರುತ್ತಿದೆ. ಹಕ್ಕಿಯ ಏಕಾಗ್ರತೆ ಬೆರಗು ಹುಟ್ಟಿಸುತ್ತದೆ. ಆದರೆ ಅದು ಬೇಟೆಗಾರನ ಏಕಾಗ್ರತೆ ಎಂಬುದನ್ನೂ, ಹುಳುವಿಗೂ ಪ್ರಾಣವಿದೆ ಎಂಬುದನ್ನೂ ನೋಡುವವನು ಮರೆಯಲಾಗದು.

ಶಾಂತಿಕಾಲದ ಯೋಧ

ತೊಕುಗಾವಾ ಕಾಲದಲ್ಲಿ ಸಮುರಾಯಿ ಕುಟುಂಬಗಳು ಜನಸಂಖ್ಯೆಯ ಸುಮಾರು ಶೇಕಡಾ ೬-೭ರಷ್ಟಿದ್ದುವು. ಇವರು ಹಳ್ಳಿಗಳನ್ನು ಬಿಟ್ಟು ಕೋಟೆಪಟ್ಟಣಗಳಲ್ಲಿ ನೆಲೆಸಿದ್ದರು. ಬೇಸಾಯ ಮಾಡುವಂತಿರಲಿಲ್ಲ, ವ್ಯಾಪಾರವೂ ಸಲ್ಲದು. ದೊರೆಯಿಂದ ವರ್ಷಕ್ಕಿಷ್ಟು ಎಂದು ಅಕ್ಕಿಯ ರೂಪದಲ್ಲಿ ಸಂಬಳ ಬರುತ್ತಿತ್ತು. ಅದರ ಅಳತೆಗೆ 'ಕೊಕು' ಎಂದು ಹೆಸರು. ಒಂದು ಕೊಕು ಎಂದರೆ ಸುಮಾರು ೧೮೦ ಲೀಟರು. ಒಬ್ಬ ಮನುಷ್ಯನ ಒಂದು ವರ್ಷದ ಅನ್ನಕ್ಕೆ ಸಾಕಾಗುವಷ್ಟು ಎಂದು ಲೆಕ್ಕ.

ಯುದ್ಧವೇ ಇಲ್ಲದ ಮೇಲೆ ಯೋಧನಿಗೆ ಈ ಅನ್ನ ಏಕೆ? ಈ ಪ್ರಶ್ನೆಯನ್ನು ಹೊರಗಿನವರು ಕೇಳುವ ಮೊದಲೇ ಯಾಮಗಾ ಸೊಕೊ (೧೬೨೨-೧೬೮೫) ಎಂಬ ವಿದ್ವಾಂಸ ತನ್ನ ವರ್ಗದವರಿಗೇ ಕೇಳಿದನು. ರೈತ ಬೆಳೆಯುತ್ತಾನೆ, ಕುಶಲಕರ್ಮಿ ವಸ್ತುಗಳನ್ನು ಮಾಡುತ್ತಾನೆ, ವ್ಯಾಪಾರಿ ಬೇಕಾದಲ್ಲಿಗೆ ಸಾಗಿಸುತ್ತಾನೆ. ಏನೊಂದನ್ನೂ ಉತ್ಪಾದಿಸದೆ ಉಣ್ಣುವ ಸಮುರಾಯಿ ಕಳ್ಳನಿಗಿಂತ ಹೇಗೆ ಬೇರೆ? ಉಳಿದವರು ದುಡಿಮೆಯಲ್ಲಿ ತೊಡಗಿದ್ದು ಧರ್ಮಚಿಂತನೆಗೆ ಬಿಡುವು ಪಡೆಯದಿರುವಾಗ, ಸದಾಚಾರವನ್ನು ಸ್ವತಃ ನಡೆದು ತೋರಿಸುವುದೇ ಸಮುರಾಯಿಯ ಕೆಲಸ, ಆ ಕೆಲಸ ಮಾಡದವನಿಗೆ ಅನ್ನದ ಹಕ್ಕಿಲ್ಲ ಎಂಬುದು ಅವನ ಉತ್ತರದ ತಾತ್ಪರ್ಯ. ಸಮಾಜದ ಹಣದಿಂದ ನಡೆಯುವ ಯಾವ ಪದವಿಯಲ್ಲಿ ಕುಳಿತವರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ಇದೇ ಕಾಲದ ಇನ್ನೊಂದು ಧ್ವನಿ ಯಾಮಾಮೊಟೊ ತ್ಸುನೆತೊಮೊ (೧೬೫೯-೧೭೧೯) ಎಂಬವನದು. ಇವನು ಸಾಗಾ ಸಂಸ್ಥಾನದ ಊಳಿಗದವನು. ದೊರೆ ಸತ್ತಾಗ ಅವನೊಡನೆ ಪ್ರಾಣ ಬಿಡುವ ಪದ್ಧತಿ ಹಿಂದೆ ಇತ್ತು. ಆದರೆ ಸಾಗಾದಲ್ಲಿ ೧೬೬೧ರಲ್ಲಿಯೂ, ಇಡೀ ದೇಶದಲ್ಲಿ ೧೬೬೩ರಲ್ಲಿಯೂ ಅದನ್ನು ನಿಷೇಧಿಸಲಾಗಿತ್ತು. ಆದುದರಿಂದ ೧೭೦೦ರಲ್ಲಿ ತನ್ನ ದೊರೆ ತೀರಿಕೊಂಡಾಗ ತ್ಸುನೆತೊಮೊ ತಲೆ ಬೋಳಿಸಿ ಭಿಕ್ಷುವಾದನು. ೧೭೧೦ರಿಂದ ೧೭೧೬ರವರೆಗೆ ಅವನು ಆಡಿದ ಮಾತುಗಳನ್ನು ಕಿರಿಯ ಯೋಧನೊಬ್ಬ ಬರೆದುಕೊಂಡನು. 'ಹಗಾಕುರೆ' ಎಂದು ಪ್ರಸಿದ್ಧವಾದ ಗ್ರಂಥ ಅದು. ಪ್ರತಿದಿನವೂ ತಾನು ಸತ್ತೇ ಹೋಗಿರುವೆನೆಂದು ಭಾವಿಸಿ ಎದ್ದರೆ, ಬದುಕಿನಲ್ಲಿ ಕರ್ತವ್ಯ ತಪ್ಪುವುದಿಲ್ಲ ಎಂಬುದು ಅದರ ಮುಖ್ಯ ಬೋಧೆ. ಇದನ್ನು ಹೇಳಿದವನು ರಣರಂಗವನ್ನು ಕಂಡವನಲ್ಲ, ಲೇಖನಿ ಹಿಡಿದು ಅರಮನೆಯ ಕೆಲಸ ಮಾಡಿದವನು. ಶರೀರದ ಅನಿತ್ಯತೆಯನ್ನು ನಿತ್ಯವೂ ನೆನೆಯುವುದು ಒಳ್ಳೆಯ ಅಭ್ಯಾಸ. ಆದರೆ ಅದನ್ನು ಯಾವ ಉದ್ದೇಶಕ್ಕೆ ನೆನೆಯುತ್ತೇವೆ ಎಂಬ ಪ್ರಶ್ನೆ ಮುಂದೆ ಈ ಗ್ರಂಥವನ್ನೇ ಹಿಂಬಾಲಿಸಿತು.

ತಿರಸ್ಕಾರ ಬೇರೆ, ಅನಾಸಕ್ತಿ ಬೇರೆ

ಹಣವನ್ನು ಕೀಳೆಂದು ಕಾಣುವುದು ಸಮುರಾಯಿ ಶಿಕ್ಷಣದ ಒಂದು ಭಾಗವಾಗಿತ್ತು. ಫುಕುಜಾವಾ ಯುಕಿಚಿ (೧೮೩೫-೧೯೦೧) ತನ್ನ ಆತ್ಮಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳನ್ನು ಕೊಟ್ಟಿದ್ದಾನೆ. ಅವನ ತಂದೆ ಓಸಾಕಾದಲ್ಲಿ ಸಂಸ್ಥಾನದ ಉಗ್ರಾಣ ನೋಡಿಕೊಳ್ಳುತ್ತ, ವರ್ತಕರೊಡನೆ ಸಾಲಸೋಲದ ವ್ಯವಹಾರ ನಡೆಸಬೇಕಾಗಿದ್ದ ಸಮುರಾಯಿ. ಮಕ್ಕಳಿಗೆ ಶಾಲೆಯಲ್ಲಿ ಮಗ್ಗಿ ಹೇಳಿಕೊಡುತ್ತಾರೆಂದು ತಿಳಿದಾಗ, ಲೆಕ್ಕ ವ್ಯಾಪಾರಿಗಳ ವಿದ್ಯೆ ಎಂದು ಕೆರಳಿ ಅವರನ್ನು ಶಾಲೆ ಬಿಡಿಸಿದನು. ಅವನ ಊರಿನ ಸಮುರಾಯಿಗಳು ಅಂಗಡಿಗೆ ಹೋಗಬೇಕಾದರೆ ಕತ್ತಲಾಗುವುದನ್ನು ಕಾದು, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಹೋಗುತ್ತಿದ್ದರು.

ಈ ತಿರಸ್ಕಾರ ಅವರನ್ನು ಹಣದಿಂದ ಬಿಡುಗಡೆ ಮಾಡಿತೇ? ಇಲ್ಲ. ಎಡೋ ನಗರದ ಅಂದರೆ ಇಂದಿನ ಟೋಕಿಯೋದ ಕುರಾಮಾಯೆ ಪೇಟೆಯಲ್ಲಿ ಸಂಬಳದ ಅಕ್ಕಿಯನ್ನು ಮಾರಿಕೊಡುವ ದಲ್ಲಾಳಿಗಳಿದ್ದರು. ಸಮುರಾಯಿಗಳು ಮುಂದಿನ ವರ್ಷಗಳ ಅಕ್ಕಿಯನ್ನು ಆಧಾರವಾಗಿಟ್ಟು ಅವರಿಂದ ಸಾಲ ತೆಗೆಯುತ್ತ ಹೋದರು. ೧೭೮೯ರಲ್ಲಿ ಮುಖ್ಯಮಂತ್ರಿ ಮತ್ಸುದೈರಾ ಸದಾನೊಬು ಹಳೆಯ ಸಾಲಗಳನ್ನು ರದ್ದುಗೊಳಿಸಿ, ಉಳಿದವುಗಳ ಬಡ್ಡಿ ಇಳಿಸುವ ಆಜ್ಞೆ ಹೊರಡಿಸಬೇಕಾಯಿತು. ಆಮೇಲೆ ದಲ್ಲಾಳಿಗಳು ಹೊಸ ಸಾಲಕ್ಕೆ ಹಿಂಜರಿದುದರಿಂದ ಯೋಧರ ಸಂಕಟ ಇನ್ನಷ್ಟು ಹೆಚ್ಚಿತು. ಹಣವನ್ನು ಮುಟ್ಟಲು ನಾಚಿದವರು ಹಣಕ್ಕೇ ಸೆರೆಯಾದರು. ಒಂದು ವಸ್ತುವನ್ನು ದ್ವೇಷಿಸುವುದೂ ಅದಕ್ಕೆ ಕಟ್ಟುಬೀಳುವ ಒಂದು ಬಗೆಯೇ. ರಾಗದಂತೆ ದ್ವೇಷವೂ ಬಂಧನ. ಅನಾಸಕ್ತನಾದವನು ಹಣವನ್ನು ಎಣಿಸುತ್ತಾನೆ, ಸರಿಯಾಗಿ ಬರೆದಿಡುತ್ತಾನೆ, ಸಲ್ಲಬೇಕಾದಲ್ಲಿಗೆ ಸಲ್ಲಿಸುತ್ತಾನೆ, ಅದಕ್ಕೆ ಅಂಟಿಕೊಳ್ಳುವುದಿಲ್ಲ.

ಈ ಸತ್ಯವನ್ನು ಹೇಳಿದವರು ಆ ದೇಶದಲ್ಲಿಯೇ ಇದ್ದರು. ಸೆಕಿಗಹಾರಾ ಮತ್ತು ಓಸಾಕಾ ಯುದ್ಧಗಳಲ್ಲಿ ಕಾದಾಡಿ, ೧೬೨೦ರ ಸುಮಾರಿಗೆ ಭಿಕ್ಷುವಾದ ಸುಜುಕಿ ಶೋಸಾನ್ (೧೫೭೯-೧೬೫೫) ಪ್ರತಿಯೊಂದು ವೃತ್ತಿಯೂ ಸಾಧನೆಯೇ ಎಂದು ಬೋಧಿಸಿದನು. ವ್ಯಾಪಾರಿ ಪ್ರಾಮಾಣಿಕತೆಯನ್ನು ಹಿಡಿದು, ಲಾಭಕ್ಕೆ ಅಂಟದೆ, ಲೋಕಕ್ಕೆ ಬೇಕಾದ ವಸ್ತುಗಳನ್ನು ಸಾಗಿಸಿದರೆ ಅವನ ವೃತ್ತಿಯೇ ಪುಣ್ಯಮಾರ್ಗ ಎಂಬುದು ಅವನ ನಿಲುವು. ರೈತನ ಮಗನಾಗಿ ಹುಟ್ಟಿ, ಕ್ಯೋಟೋದ ವರ್ತಕರ ಮನೆಯಲ್ಲಿ ದುಡಿದ ಇಶಿದಾ ಬೈಗಾನ್ (೧೬೮೫-೧೭೪೪) ಇನ್ನೂ ಮುಂದೆ ಹೋದನು. ೧೭೨೯ರಲ್ಲಿ ಅವನು ತನ್ನ ಮನೆಯಲ್ಲಿಯೇ ಶುಲ್ಕವಿಲ್ಲದ ಉಪನ್ಯಾಸಗಳನ್ನು ಆರಂಭಿಸಿದನು, ಸ್ತ್ರೀಯರಿಗೂ ಪ್ರವೇಶವಿತ್ತು. ನ್ಯಾಯವಾದ ಲಾಭ ವ್ಯಾಪಾರಿಗೆ ಸಲ್ಲುವುದು ಸಮುರಾಯಿಗೆ ಸಂಬಳ ಸಲ್ಲುವಂತೆಯೇ ಎಂದು ಅವನು ೧೭೩೯ರ ತನ್ನ ಗ್ರಂಥದಲ್ಲಿ ವಾದಿಸಿದನು. ಆದರೆ ಅದರೊಡನೆ ಕರಾರೂ ಇತ್ತು: ಸಮುರಾಯಿಯಿಂದ ನಿರೀಕ್ಷಿಸುವ ಸತ್ಯನಿಷ್ಠೆ ಮತ್ತು ಮಿತವ್ಯಯ ವ್ಯಾಪಾರಿಯಲ್ಲಿಯೂ ಇರಬೇಕು. ಮೋಸದ ಲಾಭ ಅವನ ಮತದಲ್ಲಿ ಲಾಭವೇ ಅಲ್ಲ.

ಮಗ್ಗಿಯನ್ನು ಕೀಳೆಂದ ತಂದೆಯ ಮಗ ಫುಕುಜಾವಾ, ೧೮೭೩ರಲ್ಲಿ ಪಾಶ್ಚಾತ್ಯ ಮಾದರಿಯ ಲೆಕ್ಕಪತ್ರ ಶಾಸ್ತ್ರವನ್ನು ಜಪಾನೀ ಭಾಷೆಗೆ ತಂದನು. ತಂದೆಯ ಸತ್ಯನಿಷ್ಠೆಯನ್ನು ಉಳಿಸಿಕೊಂಡು, ಅವನ ಪೂರ್ವಗ್ರಹವನ್ನು ಮಾತ್ರ ಬಿಟ್ಟ ಮಗನ ಕೆಲಸವಿದು.

ಕರುಣೆಯಿಲ್ಲದ ಶಿಸ್ತು

ಈ ವರ್ಗದ ಕಪ್ಪು ಪುಟವನ್ನು ತೆರೆಯದೆ ಗುಣಗಾನ ಮಾಡುವುದು ಸತ್ಯಕ್ಕೆ ಅಪಚಾರ. ತನಗೆ ಅವಮಾನ ಮಾಡಿದ ಸಾಮಾನ್ಯ ಪ್ರಜೆಯನ್ನು ಸ್ಥಳದಲ್ಲಿಯೇ ಕಡಿಯುವ ಅಧಿಕಾರವನ್ನು ಸಮುರಾಯಿಗೆ ಕಾನೂನು ಕೊಟ್ಟಿತ್ತು. ಮೇಲಧಿಕಾರಿಗಳಿಗೆ ವರದಿ ಮಾಡಿ, ವಿಚಾರಣೆಗೆ ಒಳಗಾಗಬೇಕೆಂಬ ನಿರ್ಬಂಧ ಇದ್ದುದು ನಿಜ. ಆದರೂ ಒಬ್ಬನ ಮಾನಕ್ಕಾಗಿ ಇನ್ನೊಬ್ಬನ ಪ್ರಾಣ ಎಂಬ ನಿಯಮವನ್ನು ಯಾವ ನೀತಿಯೂ ಸಮರ್ಥಿಸಲಾರದು.

ಇದಕ್ಕಿಂತ ದೊಡ್ಡ ಪತನ ಇಪ್ಪತ್ತನೆಯ ಶತಮಾನದಲ್ಲಿ ಆಯಿತು. ಆ ವೇಳೆಗೆ ಸಮುರಾಯಿ ವರ್ಗವೇ ಇರಲಿಲ್ಲ. ಸೈನ್ಯದಲ್ಲಿದ್ದವರು ಬಹುಪಾಲು ರೈತರ ಮಕ್ಕಳು. ನಿಟೊಬೆ ಇನಾಜೊ ೧೯೦೦ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ 'ಬುಶಿದೋ' ಅಂದರೆ ಯೋಧಮಾರ್ಗ ಎಂಬ ಹೆಸರು ಜಗತ್ತಿಗೆಲ್ಲ ಪರಿಚಯವಾಯಿತು. ನಿಟೊಬೆ ಅದರಲ್ಲಿ ಸತ್ಯ, ದಯೆ, ವಿನಯಗಳನ್ನು ಎತ್ತಿ ಹೇಳಿದ್ದನು. ಆದರೆ ೧೯೩೦ರ ದಶಕದ ಸೇನಾಡಳಿತ ದಯೆಯನ್ನು ಬದಿಗಿಟ್ಟು, ನಿಷ್ಠೆಯನ್ನೂ ಮರಣವನ್ನೂ ಮಾತ್ರ ಆರಿಸಿಕೊಂಡಿತು. ಸಂಸ್ಥಾನದೊಳಗೆ ಹಸ್ತಪ್ರತಿಯಾಗಿ ಉಳಿದಿದ್ದ 'ಹಗಾಕುರೆ' ಆ ದಿನಗಳಲ್ಲಿ ಜನಪ್ರಿಯ ಮುದ್ರಿತ ಗ್ರಂಥವಾಯಿತು. ೧೯೪೧ರ ಜನವರಿಯ ಸೈನಿಕ ಸಂಹಿತೆ, ಸೆರೆಸಿಕ್ಕುವ ಅವಮಾನಕ್ಕಿಂತ ಸಾವೇ ಮೇಲೆಂದು ವಿಧಿಸಿತು. ೧೯೪೪ರ ಅಕ್ಟೋಬರಿನಿಂದ ತರುಣರು ವಿಮಾನಸಮೇತ ಶತ್ರುಹಡಗುಗಳ ಮೇಲೆ ಬಿದ್ದು ಸಾಯತೊಡಗಿದರು. ಸೆರೆಯಾಗುವುದೇ ಹೇಯವೆಂದು ಕಲಿತವರು, ತಮ್ಮ ಕೈಗೆ ಸೆರೆಯಾದವರನ್ನು ಮನುಷ್ಯರೆಂದು ಕಾಣಲಿಲ್ಲ. ಜಪಾನಿನ ವಶದಲ್ಲಿದ್ದ ಬ್ರಿಟಿಷ್ ಮತ್ತು ಅಮೆರಿಕನ್ ಯುದ್ಧಕೈದಿಗಳಲ್ಲಿ ಶೇಕಡಾ ೨೭ರಷ್ಟು ಮಂದಿ ಸತ್ತರೆಂದು ಟೋಕಿಯೋ ಯುದ್ಧಾಪರಾಧ ನ್ಯಾಯಮಂಡಳಿ ತನ್ನ ತೀರ್ಪಿನಲ್ಲಿ ದಾಖಲಿಸಿತು.

ತನ್ನ ಪ್ರಾಣದ ಮೇಲಿನ ಮೋಹ ಬಿಟ್ಟವನಿಗೆ ಪರರ ಪ್ರಾಣದ ಮೇಲೆ ಕರುಣೆ ಹುಟ್ಟದಿದ್ದರೆ, ಅವನ ವೈರಾಗ್ಯ ಯಾರು ಬೇಕಾದರೂ ಎತ್ತಿ ಬೀಸಬಹುದಾದ ಆಯುಧ. ಮುಸಾಶಿಯ ಪತ್ರದಲ್ಲಿ ಬಿಟ್ಟುಹೋಗಿದ್ದ ಮಾತಿನ ಬೆಲೆಯನ್ನು ಮೂರು ಶತಮಾನಗಳ ಅನಂತರ ಲಕ್ಷಾಂತರ ಜನ ತೆತ್ತರು.

ಕಟ್ಟಿಹಾಕಿದ ಖಡ್ಗ

ಆದರೆ ಇದೇ ಪರಂಪರೆಯಲ್ಲಿ ಇನ್ನೊಂದು ದಾರಿಯನ್ನು ನಡೆದು ತೋರಿಸಿದವರೂ ಇದ್ದರು. ೧೮೬೮ರ ವಸಂತಕಾಲ. ಚಕ್ರವರ್ತಿಯ ಪಕ್ಷದ ಸೈನ್ಯ ಪಶ್ಚಿಮದಿಂದ ಎಡೋ ನಗರದತ್ತ ಬರುತ್ತಿತ್ತು. ಅದರ ಮುಂದಾಳು ಸೈಗೊ ತಕಾಮೊರಿ. ಕೊನೆಯ ಶೋಗುನ್ ತೊಕುಗಾವಾ ಯೊಶಿನೊಬು ಕೋಟೆಯನ್ನು ಬಿಟ್ಟು, ಮಠವೊಂದರಲ್ಲಿ ತನ್ನನ್ನು ತಾನೇ ದಿಗ್ಬಂಧನದಲ್ಲಿರಿಸಿಕೊಂಡಿದ್ದನು. ಮರದ ಮನೆಗಳಿಂದ ತುಂಬಿದ, ಸುಮಾರು ಹತ್ತು ಲಕ್ಷ ಜನಸಂಖ್ಯೆಯ ಆ ನಗರಕ್ಕೆ ಮುತ್ತಿಗೆ ಬಿದ್ದು ಬೆಂಕಿ ಹತ್ತಿದರೆ ಏನಾಗುವುದೆಂದು ಊಹಿಸುವುದು ಕಷ್ಟವಲ್ಲ.

ಆಗ ಯಾಮಾವೊಕಾ ತೆಶ್ಶು (೧೮೩೬-೧೮೮೮) ಎಂಬ ಬಡ ಸಮುರಾಯಿ ಸಂಧಾನಕ್ಕೆ ಹೊರಟನು. ಇವನು ಖಡ್ಗವಿದ್ಯೆಯಲ್ಲಿ ಅಗ್ರಗಣ್ಯ, ಝೆನ್ ಸಾಧನೆಯಲ್ಲಿ ನಿರತ. ಶತ್ರುಪಾಳೆಯದ ನಡುವೆ, ತಾನು ಯೊಶಿನೊಬುವಿನ ಸೇವಕ ಎಂದು ಹೆಸರು ಹೇಳಿಕೊಂಡೇ ನಡೆದು, ಸುಂಪು ಎಂಬಲ್ಲಿ ಸೈಗೊನನ್ನು ಕಂಡನು. ಕೋಟೆ, ಶಸ್ತ್ರಗಳು, ಯುದ್ಧನೌಕೆಗಳು ಎಲ್ಲವನ್ನೂ ಒಪ್ಪಿಸಲು ಸಮ್ಮತಿಸಿದನು. ತನ್ನ ಒಡೆಯನನ್ನು ಪರಸಂಸ್ಥಾನದ ಸೆರೆಗೆ ಒಪ್ಪಿಸುವ ಒಂದು ಷರತ್ತಿಗೆ ಮಾತ್ರ ಒಪ್ಪಲಿಲ್ಲ. ಸ್ಥಾನ ಅದಲುಬದಲಾಗಿ, ಸೈಗೊನ ಒಡೆಯನಿಗೇ ಆ ಗತಿ ಬಂದಿದ್ದರೆ ಅವನು ಸುಮ್ಮನಿರುತ್ತಿದ್ದನೇ ಎಂದು ಕೇಳಿದನು. ಸೈಗೊ ಆ ಮಾತಿನ ನ್ಯಾಯವನ್ನು ಒಪ್ಪಿದನು. ಗೆಲ್ಲುತ್ತಿದ್ದ ಸೇನಾಪತಿ ಸೋಲುತ್ತಿದ್ದವನ ಮಾತಿಗೆ ಕಿವಿಗೊಟ್ಟದ್ದೂ ಸಂಯಮದ ಫಲವೇ.

ಅನಂತರ ಎಡೋದಲ್ಲಿ ಶೋಗುನ್ ಪಕ್ಷದ ಕತ್ಸು ಕೈಶುವಿಗೂ ಸೈಗೊನಿಗೂ ಮಾತುಕತೆ ನಡೆದು, ನಿಶ್ಚಯವಾಗಿದ್ದ ದಾಳಿ ನಿಂತಿತು. ಕೋಟೆ ರಕ್ತಪಾತವಿಲ್ಲದೆ ಕೈ ಬದಲಾಯಿತು. ಮುಂದೆ ನಗರದ ಉಯೆನೊ ಗುಡ್ಡದಲ್ಲಿ ಒಂದು ದಿನದ ಕಾಳಗವೂ, ಉತ್ತರ ಪ್ರಾಂತಗಳಲ್ಲಿ ೧೮೬೯ರವರೆಗೆ ಯುದ್ಧವೂ ನಡೆದುವು. ಆದರೆ ಮಹಾನಗರ ಉಳಿಯಿತು.

ಕತ್ಸು ಕೈಶುವಿನ ಮೇಲೆ ಕೊಲೆಯ ಪ್ರಯತ್ನಗಳು ಹಲವು ಬಾರಿ ನಡೆದಿದ್ದುವು. ಆದರೂ ತನಗೆ ಕೊಲೆ ಎಂದರೆ ಹೇಸಿಕೆ, ಒಬ್ಬನನ್ನೂ ಕೊಂದಿಲ್ಲ, ಸುಲಭವಾಗಿ ಹಿರಿಯಲು ಬಾರದಂತೆ ತನ್ನ ಖಡ್ಗವನ್ನು ಒರೆಗೆ ಬಿಗಿದು ಕಟ್ಟಿಡುತ್ತಿದ್ದೆ ಎಂದು ಅವನು ಮುಪ್ಪಿನಲ್ಲಿ ನೆನಪಿಸಿಕೊಂಡಿದ್ದಾನೆ. ತೆಶ್ಶು ಕೂಡ ಅಂಥ ಪ್ರಕ್ಷುಬ್ಧ ಕಾಲದಲ್ಲಿ ಬಾಳಿಯೂ ಖಡ್ಗದಿಂದ ಒಬ್ಬರ ಪ್ರಾಣವನ್ನೂ ತೆಗೆಯಲಿಲ್ಲವೆಂಬುದು ಪ್ರಸಿದ್ಧ. ಹಿರಿಯಲು ಬಾರದವನ ಖಡ್ಗ ಒರೆಯಲ್ಲಿದ್ದರೆ ಅದು ಅಶಕ್ತಿ. ಹಿರಿಯಬಲ್ಲವನು, ಹಿರಿಯಲು ಕಾರಣವೂ ಇದ್ದವನು, ಕಟ್ಟಿಟ್ಟರೆ ಅದು ಸಂಯಮ. ಏಳು ಶತಮಾನಗಳ ಯೋಧಶಿಕ್ಷಣದ ಸಾರ್ಥಕತೆ ಆ ಕಟ್ಟಿನಲ್ಲಿ ಕಾಣುತ್ತದೆ.

ಪದವಿ ಕಳಚಿದ ಮೇಲೆ

೧೮೭೬ರಲ್ಲಿ ಹೊಸ ಸರ್ಕಾರ ಸಮುರಾಯಿಗಳ ಖಡ್ಗಧಾರಣೆಯನ್ನು ನಿಷೇಧಿಸಿತು. ವಂಶಪಾರಂಪರ್ಯದ ಸಂಬಳವನ್ನು ನಿಲ್ಲಿಸಿ, ಅದಕ್ಕೆ ಬದಲಾಗಿ ಸಾಲಪತ್ರಗಳನ್ನು ಕೊಟ್ಟಿತು. ಕೆಲವರು ದಂಗೆಯೆದ್ದರು. ಎಡೋ ನಗರವನ್ನು ಉಳಿಸಿದ ಸೈಗೊ ತಾನೇ ೧೮೭೭ರಲ್ಲಿ ಅಂಥ ದಂಗೆಯ ನಾಯಕನಾಗಿ ಮಡಿದನು. ಒಮ್ಮೆ ಸಾಧಿಸಿದ ಸಂಯಮ ಜೀವನಪರ್ಯಂತದ ಆಸ್ತಿಯಲ್ಲ, ಪ್ರತಿದಿನವೂ ಹೊಸದಾಗಿ ಗಳಿಸಬೇಕಾದುದು ಎಂಬುದಕ್ಕೆ ಇದು ಕಣ್ಣಮುಂದಿನ ದೃಷ್ಟಾಂತ.

ಬಹುಮಂದಿ ಮಾತ್ರ ಖಡ್ಗವನ್ನು ಗೋಡೆಗೆ ತೂಗಿಹಾಕಿ ಅಧ್ಯಾಪಕರಾದರು, ಗುಮಾಸ್ತರಾದರು, ವ್ಯಾಪಾರಕ್ಕಿಳಿದರು. ರೈತಕುಟುಂಬದಲ್ಲಿ ಹುಟ್ಟಿ ಸಮುರಾಯಿಯಾಗಿ, ಮತ್ತೆ ಸರ್ಕಾರದ ಪದವಿಯನ್ನು ಬಿಟ್ಟು ೧೮೭೩ರಲ್ಲಿ ಆ ದೇಶದ ಮೊದಲ ಆಧುನಿಕ ಬ್ಯಾಂಕನ್ನು ಕಟ್ಟಿದ ಶಿಬುಸಾವಾ ಎಯಿಚಿ (೧೮೪೦-೧೯೩೧) ಇವರಲ್ಲಿ ಅಗ್ರಗಣ್ಯ. ಸಮುರಾಯಿಯ ಆತ್ಮ ಮತ್ತು ವ್ಯಾಪಾರಿಯ ಕೌಶಲ ಒಂದಾಗಬೇಕೆಂಬುದು ಅವನ ಧ್ಯೇಯ. ಸುಮಾರು ೫೦೦ ಉದ್ಯಮಗಳ ಸ್ಥಾಪನೆಗೆ ಅವನು ನೆರವಾದನು. ಆದರೆ ಅವುಗಳನ್ನೆಲ್ಲ ತನ್ನ ಮನೆತನದ ಮುಷ್ಟಿಯಲ್ಲಿ ಹಿಡಿದಿಡುವ ವ್ಯವಸ್ಥೆ ಮಾಡಲಿಲ್ಲ. ಟೋಕಿಯೋದ ಅನಾಥರ ಮತ್ತು ನಿರ್ಗತಿಕರ ಆಶ್ರಮವನ್ನು ಮಾತ್ರ ಅರ್ಧ ಶತಮ��ನಕ್ಕೂ ಹೆಚ್ಚು ಕಾಲ, ಸಾಯುವವರೆಗೂ ನೋಡಿಕೊಂಡನು. ೨೦೨೪ರ ಜುಲೈಯಲ್ಲಿ ಜಪಾನಿನ ಹತ್ತು ಸಾವಿರ ಯೆನ್ ನೋಟಿನ ಮೇಲೆ ಅವನ ಭಾವಚಿತ್ರ ಬಂದಿತು. ಅದಕ್ಕೆ ಮುಂಚೆ ನಲವತ್ತು ವರ್ಷ ಅದೇ ನೋಟಿನ ಮೇಲೆ ಇದ್ದುದು, ಮಗ್ಗಿಯನ್ನು ತಿರಸ್ಕರಿಸಿದ ತಂದೆಯ ಮಗ ಫುಕುಜಾವಾನ ಭಾವಚಿತ್ರ.

ಈ ಇತಿಹಾಸದಿಂದ ಗೃಹಸ್ಥರೂ ಸಂಸ್ಥೆಗಳನ್ನು ನಡೆಸುವವರೂ ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವು ದೊರೆಯುತ್ತವೆ. ಗೆದ್ದಾಗ ಆ ಗೆಲುವನ್ನು ಪರೀಕ್ಷಿಸಿದ್ದುಂಟೇ? ಸಮಾಜದ ಅನ್ನಕ್ಕೆ ತಕ್ಕ ಆಚರಣೆ ನಮ್ಮಲ್ಲಿದೆಯೇ? ಹಣದ ಬಗೆಗಿನ ನಿರ್ಲಕ್ಷ್ಯವನ್ನು ವೈರಾಗ್ಯವೆಂದು ಭ್ರಮಿಸಿ, ಲೆಕ್ಕಪತ್ರವನ್ನು ಸಡಿಲ ಬಿಟ್ಟಿದ್ದೇವೆಯೇ? ಪದವಿಯ ಅವಧಿ ಮುಗಿದಾಗ ಬೀಗದ ಕೈಯನ್ನು ನಗುಮೊಗದಿಂದ ಮುಂದಿನವರಿಗೆ ಒಪ್ಪಿಸಬಲ್ಲೆವೇ? ಎಲ್ಲಕ್ಕಿಂತ ಮಿಗಿಲಾಗಿ, ನಾವು ಪಾಲಿಸುವ ನಿಯಮ, ಉಪವಾಸ, ಮಿತವ್ಯಯಗಳು ನಮ್ಮನ್ನು ಇತರರ ನೋವಿಗೆ ಹೆಚ್ಚು ಮೃದುವಾಗಿಸುತ್ತಿವೆಯೇ, ಇಲ್ಲವೇ ಹೆಚ್ಚು ಕಠಿಣವಾಗಿಸುತ್ತಿವೆಯೇ?

ಖಡ್ಗವನ್ನು ಹಿಡಿಯದವರ ಬಾಯಲ್ಲಿಯೂ ಮಾತೆಂಬ ಅಲಗು ಇದ್ದೇ ಇದೆ. ಮನೆಯ ಕಿರಿಯರ ಮೇಲೆ, ಅಂಗಡಿಯ ಆಳಿನ ಮೇಲೆ, ಸಭೆಯಲ್ಲಿ ಭಿನ್ನಾಭಿಪ್ರಾಯ ಹೇಳಿದವರ ಮೇಲೆ ಅದನ್ನು ಬೀಸುವ ಸಂದರ್ಭ ದಿನವೂ ಬರುತ್ತದೆ. ಆ ಕ್ಷಣದಲ್ಲಿ, ಒರೆಗೆ ಬಿಗಿದು ಕಟ್ಟಿದ ಕತ್ಸು ಕೈಶುವಿನ ಖಡ್ಗ ನೆನಪಿಗೆ ಬಂದರೆ ಈ ದೂರದೇಶದ ಇತಿಹಾಸವನ್ನು ಓದಿದ್ದು ಸಾರ್ಥಕವಾಗುತ್ತದೆ.